ಮದುವೆ ದಾಖಲೆಯ ಸಾಕ್ಷ್ಯ: ಊರೂರಿನ ವಿವಾಹ ದರವನ್ನು ಅಳೆದ ಪಾದ್ರಿಗಳು

ಒಂದು ಊರಿನಲ್ಲಿ ವರ್ಷಕ್ಕೆ ಎಷ್ಟು ಮದುವೆಗಳಾಗುತ್ತವೆ, ಪಕ್ಕದ ಊರಿಗಿಂತ ಅದು ಹೆಚ್ಚೋ ಕಡಿಮೆಯೋ, ವ್ಯತ್ಯಾಸವಿದ್ದರೆ ಅದಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಶ್ರದ್ಧೆಯಿಂದ ಕೇಳಿದವರಲ್ಲಿ ಪಾದ್ರಿಗಳು ಮುಂದಾಗಿದ್ದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಲೆಕ್ಕಕ್ಕೆ ಬೇಕಾದ ಪುಸ್ತಕವು ಅವರ ದೇವಾಲಯದ ಪೆಟ್ಟಿಗೆಯಲ್ಲಿಯೇ ಇತ್ತು. ಬಹುತೇಕ ಅರಸರಿಗೆ ತಮ್ಮ ಪ್ರಜೆಗಳ ಒಟ್ಟು ಸಂಖ್ಯೆಯೇ ತಿಳಿಯದಿದ್ದ ಕಾಲದಲ್ಲಿ ಹಳ್ಳಿಯ ಸಭಾಪಾಲಕನ ಬಳಿ ವಿವಾಹ, ದೀಕ್ಷಾಸ್ನಾನ ಮತ್ತು ಸಮಾಧಿಗಳ ಮೂರು ದಾಖಲೆಗಳು ತಲೆಮಾರುಗಳಿಂದ ಬೆಳೆದು ಬಂದಿದ್ದವು.

ಆ ಪಾದ್ರಿಗಳ ಲೆಕ್ಕವನ್ನು ನಾವು ಇಲ್ಲಿ ಮತ್ತೆ ತೆರೆದು ನೋಡಬಯಸುತ್ತೇವೆ. ವಿವಾಹ ದಾಖಲೆಯಲ್ಲಿ ಹೆಸರುಗಳು ಕಡಿಮೆಯಾದೊಡನೆ ಜನರ ನೀತಿಯ ಬಗ್ಗೆ ತೀರ್ಪು ಹೇಳುವ ಅಭ್ಯಾಸವು ಸಭೆಯಲ್ಲಿ ಬಹಳ ಹಳೆಯದು. ಅಂಥ ತೀರ್ಪು ನಿಲ್ಲಬೇಕಾದರೆ ಪುಸ್ತಕವು ಯಾವುದನ್ನು ಎಣಿಸಿದೆ ಎಂಬುದು ಮೊದಲು ತಿಳಿದಿರಬೇಕು. ಪುಸ್ತಕವು ಎಣಿಸುವುದು ಆ ಸ್ಥಳದಲ್ಲಿ ಸಭೆಯು ನಡೆಸಿದ ವಿಧಿಯನ್ನು. ಆ ಸ್ಥಳದ ಜನರು ಮದುವೆಯಾದರೋ ಇಲ್ಲವೋ, ಆಗದಿದ್ದರೆ ಏಕೆ ಆಗಲಿಲ್ಲ ಎಂಬುವು ಬೇರೆ ಪ್ರಶ್ನೆಗಳು. ಇವುಗಳನ್ನು ಒಂದೇ ಎಂದು ಭಾವಿಸಿದ್ದರಿಂದ ಚರಿತ್ರೆಯಲ್ಲಿ ಅನೇಕ ಬಡ ಊರುಗಳ ಹೆಸರು ಅನ್ಯಾಯವಾಗಿ ಕೆಟ್ಟಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಬರ್ಲಿನ್ನಿನ ಲುಥೆರನ್ ಪಾದ್ರಿ ಯೋಹಾನ್ ಪೇಟರ್ ಜೂಸ್‌ಮಿಲ್ಖ್ ಅವರನ್ನು ನೆನೆಯಬೇಕು. ಪ್ರಶ್ಯದ ಎರಡನೆಯ ಫ್ರೆಡರಿಕ್‌ನ ಸೇನೆಯಲ್ಲಿ ಪಾದ್ರಿಯಾಗಿ ಸೇವೆ ಮಾಡಿದ ಇವರು 1741ರಲ್ಲಿ ಮಾನವಕುಲದ ಜನನ, ಮರಣ ಹಾಗೂ ವೃದ್ಧಿಯಲ್ಲಿ ಕಾಣುವ ದೈವಿಕ ವ್ಯವಸ್ಥೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಇಪ್ಪತ್ತು ವರ್ಷಗಳ ನಂತರ ಅದನ್ನು ಬಹಳವಾಗಿ ವಿಸ್ತರಿಸಿದರು. ಇದು ಅಂಕಿಗಳಿಂದ ತುಂಬಿದ ದೇವಶಾಸ್ತ್ರ ಗ್ರಂಥ. ಆದಿಕಾಂಡ 1:28ರ ಆಶೀರ್ವಾದವು ಲೋಕದಲ್ಲಿ ಹೇಗೆ ನೆರವೇರುತ್ತಿದೆ ಎಂಬುದನ್ನು ಸಭಾ ದಾಖಲೆಗಳಿಂದಲೇ ತೋರಿಸುವುದು ಅವರ ಉದ್ದೇಶವಾಗಿತ್ತು. ಗಂಡು ಮಕ್ಕಳು ಹೆಣ್ಣು ಮಕ್ಕಳಿಗಿಂತ ತುಸು ಹೆಚ್ಚಾಗಿ ಹುಟ್ಟುತ್ತಾರೆ. ಆದರೆ ಬಾಲ್ಯದಲ್ಲಿ ಹೆಚ್ಚಾಗಿ ಸಾಯುತ್ತಾರೆ. ಹೀಗೆ ಮದುವೆಯ ವಯಸ್ಸಿಗೆ ಬರುವಾಗ ಎರಡೂ ಸಂಖ್ಯೆಗಳು ಸಮವಾಗುತ್ತವೆ. ಇದರಿಂದ ಏಕಪತ್ನೀತ್ವವೇ ಸೃಷ್ಟಿಕರ್ತನ ಚಿತ್ತವೆಂದು ಅವರು ವಾದಿಸಿದರು. ಬ್ರಾಂಡೆನ್‌ಬರ್ಗಿನ 1056 ಹಳ್ಳಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಅವರ ಶ್ರಮವನ್ನು ಗಣಕಯಂತ್ರದ ಕಾಲದಲ್ಲಿರುವ ನಾವು ಊಹಿಸುವುದೂ ಕಷ್ಟ.

ಜೂಸ್‌ಮಿಲ್ಖ್ ಅವರ ದೃಷ್ಟಿಯಲ್ಲಿ ವ್ಯವಸ್ಥೆ ಕಾಣುವುದು ದೊಡ್ಡ ಸಂಖ್ಯೆಯಲ್ಲಿ. ಒಂದೊಂದೇ ಹಳ್ಳಿಯನ್ನು ನೋಡಿದರೆ ಎಲ್ಲವೂ ಅಸ್ತವ್ಯಸ್ತ. ಸಾವಿರ ಹಳ್ಳಿಗಳನ್ನು ಕೂಡಿಸಿದರೆ ಕ್ರಮ ಕಾಣುತ್ತದೆ. ಊರಿನಿಂದ ಊರಿಗೆ ವಿವಾಹ ದರ ಬೇರೆಯಾದರೆ ಅಲ್ಲಿ ದೇವರ ಕ್ರಮಕ್ಕೆ ಏನೋ ಅಡ್ಡಿ ಬಂದಿದೆ ಎಂದು ಅವರು ತಿಳಿದರು. ಆ ಅಡ್ಡಿಯನ್ನು ಜನರ ಪಾಪದಲ್ಲಿ ಮಾತ್ರ ಹುಡುಕದೆ ಭೂಮಿಯ ಹಂಚಿಕೆಯಲ್ಲಿ, ತೆರಿಗೆಯ ಭಾರದಲ್ಲಿ, ಮದುವೆಯಾಗಲು ಬಿಡದ ಸೈನ್ಯದಲ್ಲಿ ಹುಡುಕಿ, ಅದನ್ನು ನಿವಾರಿಸುವುದು ಅರಸನ ಕರ್ತವ್ಯವೆಂದರು. ಅರಸನ ಸೇನೆಯಲ್ಲಿ ಊಟ ಮಾಡಿದ ಪಾದ್ರಿಯಿಂದ ಬಂದ ಈ ಮಾತಿನ ಧೈರ್ಯವನ್ನು ಮೆಚ್ಚದಿರಲಾಗದು.

ಆದರೆ ಅವರದೇ ಪಟ್ಟಿಗಳಲ್ಲಿ ಅವರ ವಾದಕ್ಕೆ ಸುಲಭವಾಗಿ ಒಗ್ಗದ ಅಂಕಿಗಳಿದ್ದವು. 1709ರಿಂದ 1711ರವರೆಗೆ ಪೂರ್ವ ಪ್ರಶ್ಯದಲ್ಲಿ ಮಹಾಮಾರಿ ಹಬ್ಬಿ ಲಕ್ಷಗಟ್ಟಲೆ ಜನರು ಸತ್ತರು. ಅದರ ಬೆನ್ನಿಗೇ, 1711ರಲ್ಲಿ, ಮದುವೆಗಳ ಸಂಖ್ಯೆ ಹಿಂದಿನ ಸರಾಸರಿಯ ಸುಮಾರು ಎರಡರಷ್ಟಾಯಿತು. ಜನಸಂಖ್ಯೆ ಕುಗ್ಗಿದೆ, ಮದುವೆ ಹೆಚ್ಚಿದೆ. ಆ ವರ್ಷದ ವಿವಾಹ ದಾಖಲೆಯನ್ನು ಮಾತ್ರ ತೆರೆದವನು ಊರು ಸಮೃದ್ಧವಾಗಿದೆ, ಜನರು ಸಂತೋಷದಲ್ಲಿದ್ದಾರೆ ಎಂದುಕೊಳ್ಳುವನು. ನಿಜವಾಗಿ ಅಲ್ಲಿದ್ದವರು ವಿಧವೆಯರು, ವಿಧುರರು, ಮತ್ತು ಸತ್ತವರ ಹೊಲಮನೆಗಳನ್ನು ಅನಿರೀಕ್ಷಿತವಾಗಿ ಪಡೆದ ಕಿರಿಯರು.

ಇದನ್ನು ಸರಿಯಾಗಿ ಬಿಡಿಸಿದವರು ಇನ್ನೊಬ್ಬ ಪಾದ್ರಿ, ಇಂಗ್ಲೆಂಡಿನ ತಾಮಸ್ ರಾಬರ್ಟ್ ಮಾಲ್ತಸ್. ಸರ್ರೆ ಪ್ರಾಂತದ ಓಕ್‌ವುಡ್ ಎಂಬಲ್ಲಿ ಸಹಾಯಕ ಪಾದ್ರಿಯಾಗಿದ್ದ ಇವರು 1798ರಲ್ಲಿ ಜನಸಂಖ್ಯೆಯ ಮೇಲಿನ ಪ್ರಬಂಧವನ್ನು ಹೆಸರಿಲ್ಲದೆ ಪ್ರಕಟಿಸಿದರು. ಎಲ್ಲರಿಗೂ ಗೊತ್ತಿರುವುದು ಆ ಚಿಕ್ಕ ಪುಸ್ತಕ. ನಮಗೆ ಬೇಕಾದುದು 1803ರ ಎರಡನೆಯ ಆವೃತ್ತಿ. ಅದರ ದೊಡ್ಡ ಭಾಗವೆಲ್ಲ ದೇಶದೇಶಗಳ ವಿವಾಹ ದಾಖಲೆಗಳ ಪರಿಶೀಲನೆಯೇ ಆಗಿದೆ. (1805ರಿಂದ ಮಾಲ್ತಸ್ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಅಧ್ಯಾಪಕರಾದರು. ಭಾರತಕ್ಕೆ ಅಧಿಕಾರಿಗಳಾಗಿ ಬರಲಿದ್ದ ಯುವಕರು ಅವರ ಪಾಠ ಕೇಳಿ ಹಡಗು ಹತ್ತುತ್ತಿದ್ದರು ಎಂಬುದನ್ನು ನಮ್ಮ ಆಡಳಿತ ಚರಿತ್ರೆಯನ್ನು ಬರೆಯುವವರು ಇನ್ನಷ್ಟು ಗಮನಿಸಬಹುದು.) ಜೂಸ್‌ಮಿಲ್ಖ್ ಸಂಗ್ರಹಿಸಿದ್ದ ಅಂಕಿಗಳಲ್ಲಿ ಹಾಲೆಂಡಿನ 22 ಹಳ್ಳಿಗಳದೊಂದು ಲೆಕ್ಕವಿತ್ತು. ಅಲ್ಲಿ ವರ್ಷಕ್ಕೆ 64 ಜನರಿಗೆ ಒಂದು ಮದುವೆ. ಇತರ ದೇಶಗಳಲ್ಲಿ ನೂರಕ್ಕೂ ಮಿಕ್ಕಿದ ಜನರಿಗೆ ಒಂದು ಮದುವೆ ಸಾಮಾನ್ಯವಾಗಿದ್ದಾಗ ಈ ಹಳ್ಳಿಗಳಲ್ಲಿ ಮಾತ್ರ ಇಷ್ಟೇಕೆ ಎಂಬುದು ಮಾಲ್ತಸ್ ಅವರಿಗೆ ಒಗಟಾಯಿತು. ಉತ್ತರ ಸಮಾಧಿಯ ದಾಖಲೆಯಲ್ಲಿ ಸಿಕ್ಕಿತು. ಅಲ್ಲಿ ಪ್ರತಿವರ್ಷ 22 ಅಥವಾ 23 ಜನರಲ್ಲಿ ಒಬ್ಬರು ಸಾಯುತ್ತಿದ್ದರು. ಸಾವು ದಾಂಪತ್ಯಗಳನ್ನು ಬೇಗ ಬೇಗ ಮುರಿಯುತ್ತಿತ್ತು, ಕಸುಬುಗಳನ್ನು ತೆರವು ಮಾಡುತ್ತಿತ್ತು, ತೆರವಾದ ಸ್ಥಳಕ್ಕೆ ಹೊಸ ದಂಪತಿಗಳು ಬರುತ್ತಿದ್ದರು. ಜನನ ಮರಣಗಳು ಹೆಚ್ಚುಕಡಿಮೆ ಸಮವಾಗಿದ್ದುದರಿಂದ ಊರು ಬೆಳೆಯಲೂ ಇಲ್ಲ.

ಇದಕ್ಕೆ ವಿರುದ್ಧವಾದ ತುದಿಯಲ್ಲಿ ಸ್ವಿಟ್ಜರ್ಲೆಂಡಿನ ಲೇಜಾನ್ ಎಂಬ ಬೆಟ್ಟದ ಊರು ನಿಲ್ಲುತ್ತದೆ. ವೆವೇ ಪಟ್ಟಣದ ಪಾದ್ರಿ ಮ್ಯೂರೆ ಅವರು ತಮ್ಮ ವೋ ನಾಡಿನ ಜನಸಂಖ್ಯೆ ಇಳಿಯುತ್ತಿದೆಯೆಂಬ ಭಯದಿಂದ ಜೊತೆಯ ಪಾದ್ರಿಗಳಿಂದ ಅಂಕಿಗಳನ್ನು ತರಿಸಿಕೊಂಡು 1766ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಲೇಜಾನಿನಲ್ಲಿ ಸುಮಾರು 400 ಜನರಿದ್ದರು. ವರ್ಷಕ್ಕೆ ಹುಟ್ಟುತ್ತಿದ್ದ ಮಕ್ಕಳು ಎಂಟಕ್ಕಿಂತ ತುಸು ಹೆಚ್ಚು ಮಾತ್ರ. ಅಲ್ಲಿನವರ ಆಯುಷ್ಯವೋ ಸುತ್ತಲಿನ ಊರುಗಳಿಗಿಂತ ಬಹಳ ದೀರ್ಘ. ಮ್ಯೂರೆ ಅವರ ಲೆಕ್ಕದಲ್ಲಿ 61 ವರ್ಷ. ಆರೋಗ್ಯವಂತರಾದ ಈ ಜನರಿಗೆ ಮಕ್ಕಳು ಇಷ್ಟು ಕಡಿಮೆ ಏಕೆ? ಎಲ್ಲೆಡೆಯೂ ಜನಸಂಖ್ಯೆಯ ಸಮತೋಲ ಉಳಿಯಲೆಂದು ದೇವರೇ ಆಯುಷ್ಯ ಹೆಚ್ಚಿದಲ್ಲಿ ಸಂತಾನಶಕ್ತಿಯನ್ನು ತಗ್ಗಿಸಿದ್ದಾರೆ ಎಂದು ಮ್ಯೂರೆ ಊಹಿಸಿದರು.

ಈ ಸ್ಥಳದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಮ್ಯೂರೆ ಭಕ್ತರೂ ಪ್ರಾಮಾಣಿಕರೂ ಆಗಿದ್ದರು. ಅವರ ಅಂಕಿಗಳ ಮೇಲೆ ಮಾಲ್ತಸ್ ಅವರಿಗೂ ವಿಶ್ವಾಸವಿತ್ತು. ಎಡವಿದ್ದು ಅಂಕಿಗೆ ಅರ್ಥ ಕೊಟ್ಟಲ್ಲಿ. ಮಕ್ಕಳ ಸಂಖ್ಯೆಯನ್ನು ಊರಿನ ಒಟ್ಟು ಜನರಿಂದ ಭಾಗಿಸುವ ಬದಲು ದಂಪತಿಗಳ ಸಂಖ್ಯೆಯಿಂದ ಭಾಗಿಸಿದ್ದರೆ ಒಗಟೇ ಇರುತ್ತಿರಲಿಲ್ಲ. ಲೇಜಾನ್ ಹುಲ್ಲುಗಾವಲಿನ ಊರು. ಹಸು ಮೇಯಿಸುವ ಜಾಗ ಹೆಚ್ಚುವುದಿಲ್ಲ. ಹಿರಿಯರು ಬೇಗ ಸಾಯದಿದ್ದಾಗ ಕಿರಿಯರಿಗೆ ಮನೆಯೂ ಇಲ್ಲ, ಹಸುವೂ ಇಲ್ಲ. ಆದುದರಿಂದ ಅವರು ತಡವಾಗಿ ಮದುವೆಯಾದರು, ಕೆಲವರು ಆಗಲೇ ಇಲ್ಲ. ಸ್ತ್ರೀಯರ ಗರ್ಭದಲ್ಲಿ ದೇವರು ವಿಶೇಷ ನಿಯಮವನ್ನೇನೂ ಇಟ್ಟಿರಲಿಲ್ಲ ಎಂದು ಮಾಲ್ತಸ್ ತೋರಿಸಿದರು. ನಮಗೆ ತಿಳಿಯದ ಸ್ಥಳದಲ್ಲೆಲ್ಲ ದೇವರನ್ನು ತಂದು ನಿಲ್ಲಿಸುವ ದೇವಶಾಸ್ತ್ರವು ಲೆಕ್ಕ ಸರಿಯಾದ ದಿನ ಪೇಚಿಗೆ ಸಿಲುಕುತ್ತದೆ. ಮ್ಯೂರೆ ಅವರ ಊಹೆಯ ಹಿಂದೆ ಒಂದು ಮರೆವು ಕೂಡ ಇತ್ತು: ಹೆಣ್ಣಾಗಲಿ ಗಂಡಾಗಲಿ ಕಾಯುತ್ತ ಕಳೆದ ವರ್ಷಗಳು ಅವರ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ವಿವಾಹ ದಾಖಲೆಯು ಆದ ಮದುವೆಯನ್ನು ಬರೆಯುತ್ತದೆ. ಕಾಯುವವರಿಗೆ ಅದರಲ್ಲಿ ಪುಟವಿಲ್ಲ.

ಮಾಲ್ತಸ್ ಜೂರಾ ಬೆಟ್ಟಗಳಲ್ಲಿ ಸಂಚರಿಸುವಾಗ ಸಿಕ್ಕಿದ ರೈತನೊಬ್ಬನ ಮಾತನ್ನು ಬರೆದಿಟ್ಟಿದ್ದಾರೆ. ಬೇಗ ಮದುವೆಯಾಗುವುದೇ ಈ ನಾಡಿನ ಕೆಟ್ಟ ಚಾಳಿ, ಗಂಡಸಿಗೆ ನಲವತ್ತು ತುಂಬುವವರೆಗೆ ಮದುವೆ ಬೇಡವೆಂದು ಕಾನೂನು ಮಾಡಬೇಕು ಎಂದು ಆತ ಆವೇಶದಿಂದ ವಾದಿಸಿದನಂತೆ. ಆತನೇ ಬಹಳ ಚಿಕ್ಕ ವಯಸ್ಸಿನಲ್ಲಿ ಮದುವೆಯಾದವನೆಂದು ಮಾಲ್ತಸ್ ಅವರಿಗೆ ತಿಳಿಯಿತು. ಆ ಪ್ರದೇಶದ ಹಳ್ಳಿಗಳಲ್ಲಿ ಮನೆಯಲ್ಲೇ ಮಾಡುವ ಕೈಗಾರಿಕೆ ಹಬ್ಬಿ ಯುವಕರ ಕೈಗೆ ಬೇಗ ಹಣ ಬರುತ್ತಿತ್ತು. ಹುಲ್ಲುಗಾವಲಿನ ಊರಿನಂತೆ ಕಾಯಬೇಕಾಗಿರಲಿಲ್ಲ. ಒಂದೇ ದೇಶ, ಒಂದೇ ಪ್ರೊಟೆಸ್ಟೆಂಟ್ ಬೋಧನೆ, ಎರಡು ವಿವಾಹ ದರಗಳು.

ಇಷ್ಟರವರೆಗೆ ದಾಖಲೆಯು ಪೂರ್ಣವಾಗಿದೆ ಎಂದು ಭಾವಿಸಿ ಮಾತಾಡಿದೆವು. ಅದು ಯಾವಾಗಲೂ ಪೂರ್ಣವಾಗಿರುವುದಿಲ್ಲ. ಇದಕ್ಕೆ ಇಂಗ್ಲೆಂಡಿನ ಚರಿತ್ರೆಯೇ ಒಳ್ಳೆಯ ಪಾಠಶಾಲೆ.

ಅಲ್ಲಿ ಪ್ರತಿಯೊಂದು ಪ್ಯಾರಿಷ್‌ನಲ್ಲಿಯೂ ವಿವಾಹ, ದೀಕ್ಷಾಸ್ನಾನ, ಸಮಾಧಿಗಳನ್ನು ಬರೆದಿಡಬೇಕೆಂದು 1538ರಲ್ಲಿ ತಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದನು. ಪುಸ್ತಕವನ್ನು ಎರಡು ಬೀಗಗಳ ಪೆಟ್ಟಿಗೆಯಲ್ಲಿಡಬೇಕಾಗಿತ್ತು. ಇದು ಹೊಸ ತೆರಿಗೆಗೆ ಪೀಠಿಕೆಯೆಂದು ಜನರು ಹೆದರಿದರು. ಆದರೂ ಎರಡು ಶತಮಾನಗಳ ಕಾಲ ಮದುವೆಯು ಈ ಪುಸ್ತಕಕ್ಕೆ ಕಟ್ಟುಬೀಳಲಿಲ್ಲ. ಲಂಡನ್ನಿನ ಫ್ಲೀಟ್ ಸೆರೆಮನೆಯ ಸುತ್ತಮುತ್ತ ಸಾಲಗಾರರಾಗಿ ಬಿದ್ದಿದ್ದ ಪಾದ್ರಿಗಳು ಶುಲ್ಕ ಪಡೆದು, ಪ್ರಶ್ನೆ ಕೇಳದೆ, ಸಾವಿರಾರು ಜೋಡಿಗಳಿಗೆ ಮದುವೆ ಮಾಡಿಸುತ್ತಿದ್ದರು. ಊರಿನ ಪುಸ್ತಕದಲ್ಲಿ ಇವರು ಅವಿವಾಹಿತರು. ಸಭೆಯ ಕಾನೂನಿನಲ್ಲಿ ದಂಪತಿಗಳು.

1753ರಲ್ಲಿ ಪಾರ್ಲಿಮೆಂಟು ಲಾರ್ಡ್ ಹಾರ್ಡ್‌ವಿಕ್ ಅವರ ವಿವಾಹ ಕಾಯಿದೆಯನ್ನು ಅಂಗೀಕರಿಸಿತು. 1754ರ ಮಾರ್ಚ್ 25ರಿಂದ ಅದು ಜಾರಿಗೆ ಬಂದಿತು. ಮೂರು ಭಾನುವಾರ ಪ್ರಕಟಣೆ ಓದಬೇಕು ಅಥವಾ ಪರವಾನಗಿ ಪಡೆಯಬೇಕು. ಇಬ್ಬರಲ್ಲಿ ಒಬ್ಬರು ವಾಸಿಸುವ ಪ್ಯಾರಿಷ್‌ನ ದೇವಾಲಯದಲ್ಲಿಯೇ ಮದುವೆ ನಡೆಯಬೇಕು. ಇಬ್ಬರು ಸಾಕ್ಷಿಗಳು ರುಜು ಹಾಕಬೇಕು. ಮೀರಿದ ಪಾದ್ರಿಗೆ 14 ವರ್ಷಗಳ ಗಡೀಪಾರು. ದಾಖಲೆಯನ್ನು ಖೋಟಾ ಮಾಡಿದವನಿಗೆ ಮರಣದಂಡನೆ. ಕ್ವೇಕರರಿಗೂ ಯೆಹೂದ್ಯರಿಗೂ ಮಾತ್ರ ವಿನಾಯಿತಿ. ಬ್ಯಾಪ್ಟಿಸ್ಟರು, ಕಾಂಗ್ರಿಗೇಶನಲಿಸ್ಟರು, ರೋಮನ್ ಕಥೋಲಿಕರು ಎಲ್ಲರೂ ಮದುವೆಗೆ ಆಂಗ್ಲಿಕನ್ ವೇದಿಯ ಮುಂದೆಯೇ ನಿಲ್ಲಬೇಕಾಯಿತು. ಇದರ ಫಲ ವಿಚಿತ್ರ. ಶಿಶು ದೀಕ್ಷಾಸ್ನಾನವನ್ನು ಒಪ್ಪದ ಬ್ಯಾಪ್ಟಿಸ್ಟ್ ಕುಟುಂಬವು ಪ್ಯಾರಿಷ್‌ನ ದೀಕ್ಷಾಸ್ನಾನದ ಪುಸ್ತಕದಲ್ಲಿ ಇರುವುದಿಲ್ಲ, ವಿವಾಹದ ಪುಸ್ತಕದಲ್ಲಿ ಇರುತ್ತದೆ. ಮನಸ್ಸಾಕ್ಷಿಯ ಮೇಲೆ ನಡೆದ ಈ ಬಲಾತ್ಕಾರವೇ ಇತಿಹಾಸಕಾರರಿಗೆ 1754ರಿಂದ 1837ರವರೆಗಿನ ವಿವಾಹ ದಾಖಲೆಯನ್ನು ಅತ್ಯಂತ ಪೂರ್ಣವಾದುದಾಗಿ ಉಳಿಸಿಕೊಟ್ಟಿತು. ಅದನ್ನು ಬಳಸುವಾಗ ಈ ಮೂಲವನ್ನು ಮರೆಯಬಾರದು.

ಅದೇ 1753ರಲ್ಲಿ ಜನಗಣತಿಯ ಮಸೂದೆಯೊಂದು ಕೂಡ ಪಾರ್ಲಿಮೆಂಟಿನ ಮುಂದೆ ಬಂದು ಬಿದ್ದುಹೋಯಿತು. ದಾವೀದನು ಇಸ್ರಾಯೇಲನ್ನು ಎಣಿಸಿದಾಗ ಬಂದ ವ್ಯಾಧಿಯನ್ನು ಆಗ ನೆನಪಿಸಿದವರಿದ್ದರು. ಹೀಗಾಗಿ ಅರ್ಧ ಶತಮಾನದ ಕಾಲ ಇಂಗ್ಲೆಂಡಿನಲ್ಲಿ ಮದುವೆಗಳ ಎಣಿಕೆಯಿತ್ತು, ಜನರ ಎಣಿಕೆ ಇರಲಿಲ್ಲ; ಭಿನ್ನರಾಶಿಯಲ್ಲಿ ಅಂಶವಿತ್ತು, ಛೇದವಿರಲಿಲ್ಲ. 1801ರ ಮಾರ್ಚ್ 10ರಂದು ಮೊದಲ ಜನಗಣತಿ ನಡೆದಾಗ ಜಾನ್ ರಿಕ್‌ಮನ್ ಪ್ರತಿಯೊಬ್ಬ ಪಾದ್ರಿಯಿಂದಲೂ ದಾಖಲೆಗಳ ಲೆಕ್ಕ ಕೇಳಿದರು. ದೀಕ್ಷಾಸ್ನಾನ ಮತ್ತು ಸಮಾಧಿಗಳಿಗೆ 1700ರಿಂದ 1780ರವರೆಗೆ ಹತ್ತು ವರ್ಷಕ್ಕೊಮ್ಮೆ ಸಾಕೆಂದರು; ಮದುವೆಗಳನ್ನು ಮಾತ್ರ 1754ರಿಂದ ವರ್ಷ ವರ್ಷವೂ ಕೇಳಿದರು. ಆ ಲೆಕ್ಕದಿಂದ ಮಾಲ್ತಸ್ ಪಡೆದ ಉತ್ತರ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಸುಮಾರು 123 ಜನರಿಗೆ ಒಂದು ಮದುವೆ, ಈಗಿನ ಭಾಷೆಯಲ್ಲಿ ಸಾವಿರಕ್ಕೆ ಎಂಟು.

ಇಡೀ ದೇಶಕ್ಕೆ ಈ ಸಂಖ್ಯೆ ನಿಲ್ಲುತ್ತದೆ. ಪ್ಯಾರಿಷ್‌ಗಳಿಗೆ ಇಳಿದರೆ ಕುಸಿಯತೊಡಗುತ್ತದೆ. ಮ್ಯಾಂಚೆಸ್ಟರ್ ಪ್ಯಾರಿಷ್‌ನಲ್ಲಿ ಸುಮಾರು 30 ಊರುಗಳಿದ್ದವು; ಎಲ್ಲಕ್ಕೂ ಪ್ಯಾರಿಷ್ ದೇವಾಲಯ ಒಂದೇ. ಹತ್ತಿ ಗಿರಣಿಗಳ ಯುವಜನರೆಲ್ಲ ಅಲ್ಲಿಗೇ ಬರುತ್ತಿದ್ದರು. ಅಲ್ಲಿ 1790ರಿಂದ 1821ರವರೆಗೆ ಸೇವೆ ಮಾಡಿದ ಜೋಶುವಾ ಬ್ರೂಕ್ಸ್ ಎಂಬ ಪಾದ್ರಿ ಜೋಡಿಗಳನ್ನು ಗುಂಪುಗುಂಪಾಗಿ ನಿಲ್ಲಿಸಿ ಮದುವೆ ಮಾಡಿಸುತ್ತಿದ್ದರು. ಗೊಂದಲದಲ್ಲಿ ಯಾರು ಯಾರ ಕೈ ಹಿಡಿದರೆಂದು ತಿಳಿಯದಾದಾಗ, ಹೊರಗೆ ಹೋಗುವಾಗ ಜೋಡಿ ಸರಿಮಾಡಿಕೊಳ್ಳಿ ಎಂದರೆಂಬ ಕಥೆ ಆ ಊರಿನಲ್ಲಿ ಇಂದಿಗೂ ಇದೆ. ಸುತ್ತಲಿನ ಹಳ್ಳಿಯೊಂದರ ಚಾಪೆಲ್‌ನ ಪುಸ್ತಕವನ್ನು ತೆರೆದರೆ ಅಲ್ಲಿನವರು ಮದುವೆಯನ್ನೇ ಬಿಟ್ಟಂತೆ ಕಾಣಬಹುದು. ಅವರೆಲ್ಲ ಬ್ರೂಕ್ಸ್ ಅವರ ಗುಂಪಿನಲ್ಲಿದ್ದಾರೆ. ಕಾನೂನು ಕೂಡ ಈ ಕೇಂದ್ರೀಕರಣಕ್ಕೆ ಕಾರಣವಾಯಿತು. ಕಾಯಿದೆ ಬಂದ ನಂತರ ಕಟ್ಟಿದ ಚಾಪೆಲ್‌ನಲ್ಲಿ ಆದ ಮದುವೆ ಅಸಿಂಧುವೆಂದು 1781ರಲ್ಲಿ ನಾರ್ತ್‌ಫೀಲ್ಡ್ ಮೊಕದ್ದಮೆಯಲ್ಲಿ ತೀರ್ಪು ಬಂದಿತು. ಪ್ರಾಮಾಣಿಕವಾಗಿ ಮದುವೆಯಾಗಿದ್ದವರು ಒಂದು ಬೆಳಿಗ್ಗೆ ಎದ್ದು ನೋಡುವಾಗ ಅವಿವಾಹಿತರಾಗಿದ್ದರು. ಪಾರ್ಲಿಮೆಂಟು ಅದೇ ವರ್ಷ ಇನ್ನೊಂದು ಕಾಯಿದೆ ಮಾಡಿ ಅವರನ್ನು ಕಾಪಾಡಿತು.

ವಾಸಸ್ಥಳದ ವಿಷಯ ಇನ್ನೂ ಸೂಕ್ಷ್ಮ. ದಾಖಲೆಯಲ್ಲಿ ವಧೂವರರಿಬ್ಬರನ್ನೂ ‘ಈ ಪ್ಯಾರಿಷ್‌ನವರು’ ಎಂದು ಬರೆದಿರುತ್ತದೆ. ಪ್ರಕಟಣೆಯ ಕೆಲವು ವಾರಗಳ ಕಾಲ ಅಲ್ಲಿ ಕೋಣೆ ಹಿಡಿದಿದ್ದರೂ ಆ ಮಾತು ಸಾಕಾಗುತ್ತಿತ್ತು. ಮದುವೆಯಾದ ಮೇಲೆ ವಾಸದ ಸಾಕ್ಷ್ಯವನ್ನು ಕೇಳುವಂತಿಲ್ಲವೆಂದು ಕಾಯಿದೆಯೇ ಹೇಳಿತ್ತು. ಹಳ್ಳಿಯ ಜೋಡಿಗಳು ನೆರೆಯವರ ಕಣ್ಣು ತಪ್ಪಿಸಲು, ತಂದೆತಾಯಿಗಳ ವಿರೋಧದಿಂದ ದೂರವಿರಲು, ಅಥವಾ ಸಂತೆಯ ಪಟ್ಟಣದ ಸಂಭ್ರಮಕ್ಕಾಗಿ ಪೇಟೆಯ ದೇವಾಲಯಕ್ಕೆ ಹೋಗುತ್ತಿದ್ದರು. ಪೇಟೆಯ ದರ ಏರಿತು, ಹಳ್ಳಿಯ ದರ ಇಳಿಯಿತು. ಮದುವೆಯಾದವರ ಸಂಖ್ಯೆ ಅಷ್ಟೇ ಇತ್ತು.

ಈ ಅರಿವಿಲ್ಲದೆ ಕೆಲವು ಇತಿಹಾಸಕಾರರು ಹಳ್ಳಿಗಳಲ್ಲಿ ದೀಕ್ಷಾಸ್ನಾನ ಪಡೆದ ಮಕ್ಕಳ ತಂದೆತಾಯಿಗಳ ಮದುವೆಯನ್ನು ಅದೇ ಊರಿನ ಪುಸ್ತಕದಲ್ಲಿ ಹುಡುಕಿ, ಸಿಗದಿದ್ದಾಗ, 1754ರ ನಂತರ ಇಂಗ್ಲೆಂಡಿನ ಬಡವರು ಬಹುಮಟ್ಟಿಗೆ ಮದುವೆಯಿಲ್ಲದೆ ಕೂಡಿ ಬಾಳಿದರು ಎಂಬ ತೀರ್ಮಾನಕ್ಕೆ ಬಂದಿದ್ದರು. ಕಾನೂನಿನ ಇತಿಹಾಸಕಾರ್ತಿ ರೆಬೆಕಾ ಪ್ರೋಬರ್ಟ್ ಮತ್ತು ಅವರ ಸಹಲೇಖಕರು 2008ರಲ್ಲಿ ಮೂರು ಪ್ಯಾರಿಷ್‌ಗಳನ್ನು ಆರಿಸಿಕೊಂಡು ಒಂದೊಂದೇ ಜೋಡಿಯನ್ನು ಬೆನ್ನಟ್ಟಿದರು. ಪಕ್ಕದ ಊರು, ಅದರ ಪಕ್ಕದ ಪೇಟೆ, ವಧುವಿನ ತವರು, ಬಡವರ ಪೋಷಣೆಗಾಗಿ ಅಧಿಕಾರಿಗಳು ಪಡೆದ ಹೇಳಿಕೆಗಳು ಹೀಗೆ ಹುಡುಕಿದಷ್ಟೂ ಮದುವೆಗಳು ಸಿಕ್ಕುತ್ತಾ ಹೋದವು. ಬಹುಪಾಲು ದಂಪತಿಗಳು ಕಾಯಿದೆಯಂತೆ ದೇವಾಲಯದಲ್ಲಿಯೇ ಮದುವೆಯಾಗಿದ್ದರು. ಕೂಲಿಯಾಳುಗಳಾದ ಇವರ ಮೇಲೆ ಬಂದಿದ್ದ ಅಪವಾದವು ಹೀಗೆ ಸುಮಾರು ಎರಡೂವರೆ ಶತಮಾನಗಳ ನಂತರ ತೊಲಗಿತು. ಈ ಅಧ್ಯಯನವನ್ನು ಪ್ರತಿಯೊಬ್ಬ ಸೆಮಿನರಿ ವಿದ್ಯಾರ್ಥಿಯೂ ಓದಬೇಕೆಂದು ನಾವು ಬಯಸುತ್ತೇವೆ.

ಇನ್ನೊಂದು ಎಚ್ಚರಿಕೆಯು ಶುದ್ಧ ಗಣಿತದ್ದು. 400 ಜನರ ಊರಿನಲ್ಲಿ 123ಕ್ಕೆ ಒಂದರ ದರವಿದ್ದರೆ ವರ್ಷಕ್ಕೆ ಸರಾಸರಿ ಮೂರೂಕಾಲು ಮದುವೆಗಳಾಗಬೇಕು. ಆದರೆ ದರದಲ್ಲಿ ಯಾವ ಬದಲಾವಣೆಯೂ ಇಲ್ಲದೆ, ಕೇವಲ ಆಕಸ್ಮಿಕದಿಂದಲೇ, ಸುಮಾರು 25 ವರ್ಷಗಳಿಗೊಮ್ಮೆ ಒಂದೂ ಮದುವೆಯಿಲ್ಲದ ವರ್ಷ ಬರುತ್ತದೆ; ಸುಮಾರು ಒಂಬತ್ತು ವರ್ಷಗಳಿಗೊಮ್ಮೆ ಆರು ಅಥವಾ ಅದಕ್ಕಿಂತ ಹೆಚ್ಚು ಮದುವೆಗಳಾಗುತ್ತವೆ. ಮದುವೆಯಿಲ್ಲದ ವರ್ಷದಲ್ಲಿ ಪಶ್ಚಾತ್ತಾಪದ ಪ್ರಸಂಗ, ಆರು ಮದುವೆಗಳ ವರ್ಷದಲ್ಲಿ ಕೃತಜ್ಞತಾಸ್ತುತಿ ಎಂದು ಯಾರಾದರೂ ಸಭಾಪಾಲಕರು ಕ್ರಮ ಮಾಡಿಕೊಂಡರೆ ಅವರು ದಾಳ ಬಿದ್ದಂತೆ ಪ್ರಸಂಗ ಮಾಡುತ್ತಿದ್ದಾರೆ. ಚಿಕ್ಕ ಊರುಗಳನ್ನು ಹೋಲಿಸುವವರು ಕನಿಷ್ಠ ಹತ್ತು ಇಪ್ಪತ್ತು ವರ್ಷಗಳನ್ನು ಕೂಡಿಸದೆ ಮಾತಾಡಬಾರದು.

ಹಾಗಾದರೆ ನಿಜವಾದ ಸ್ಥಳೀಯ ವ್ಯತ್ಯಾಸಗಳೇ ಇಲ್ಲವೇ? ಇವೆ, ಕೆಲವು ಘೋರವಾದವು. ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಜರ್ಮನಿಯ ಬವೇರಿಯ, ವ್ಯೂರ್ಟೆಂಬರ್ಗ್ ಮೊದಲಾದ ರಾಜ್ಯಗಳಲ್ಲಿ ಆಸ್ತಿಯಿಲ್ಲದವನು ಮದುವೆಯಾಗಬೇಕಾದರೆ ಜೀವನೋಪಾಯಕ್ಕೆ ಪುರಾವೆ ಒದಗಿಸಬೇಕಾಗಿತ್ತು. ಊರಿನ ಪಂಚಾಯತಿಯ ಒಪ್ಪಿಗೆ ಬೇಕಾಗಿತ್ತು. ಬಡ ಕುಟುಂಬವೊಂದು ಹುಟ್ಟಿದರೆ ಅದರ ಪೋಷಣೆ ತಮ್ಮ ಮೇಲೆ ಬೀಳುತ್ತದೆಂದು ಊರಿನ ಹಿರಿಯರು ಅನುಮತಿ ನಿರಾಕರಿಸುತ್ತಿದ್ದರು; ಬವೇರಿಯದಲ್ಲಿ 1834ರಿಂದ ಈ ನಿರಾಕರಣೆಗೆ ಮೇಲ್ಮನವಿಯೂ ನಡೆಯುತ್ತಿರಲಿಲ್ಲ. ಶತಮಾನದ ಮಧ್ಯದಲ್ಲಿ ಬವೇರಿಯದ ಶಿಶುಗಳಲ್ಲಿ ಐದರಲ್ಲಿ ಒಂದಕ್ಕೂ ಹೆಚ್ಚು ವಿವಾಹಬಾಹಿರವಾಗಿ ಜನಿಸುತ್ತಿದ್ದವು. 1868ರಲ್ಲಿ ನಿರ್ಬಂಧಗಳು ಸಡಿಲವಾದೊಡನೆ ಮದುವೆಗಳು ಏರಿದವು, ಆ ಪ್ರಮಾಣ ಶೀಘ್ರವಾಗಿ ಇಳಿಯಿತು. ಸಭಾಪಾಲಕನ ಮೇಜಿನ ಮೇಲೆ ಎರಡು ಪುಸ್ತಕಗಳು ಅಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ಬರೆಯಲಾಗದ ಹೆಸರುಗಳು ಇನ್ನೊಂದರಲ್ಲಿ ಅವಮಾನದ ಗುರುತಿನೊಡನೆ ಸೇರುತ್ತಿದ್ದವು. ಆ ಅವಮಾನವನ್ನು ಬರೆದ ಲೇಖನಿ ಪಾದ್ರಿಯದು. ನಿರಾಕರಿಸಿದ ಹಿರಿಯರ ಹೆಸರನ್ನು ಬರೆಯಲು ಯಾವ ಪುಸ್ತಕದಲ್ಲಿಯೂ ಕಲಮು ಇರಲಿಲ್ಲ.

ಈ ವ್ಯೂರ್ಟೆಂಬರ್ಗ್ ನಮಗೆ ಅಪರಿಚಿತವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಅನೇಕ ಸೇವಕರು, ಹರ್ಮನ್ ಮೋಗ್ಲಿಂಗ್ ಮೊದಲಾದವರು, ಆ ನಾಡಿನವರೇ. ಅಲ್ಲಿ ಬಡವನು ಪಂಚಾಯತಿಯ ಅಪ್ಪಣೆಗೆ ಕಾಯುವಂತೆ ಇವರು ಬಾಸೆಲ್ಲಿನ ಆಡಳಿತ ಸಮಿತಿಯ ಅಪ್ಪಣೆಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಕರಾವಳಿಯ ನಮ್ಮ ಹಳೆಯ ಸಭೆಗಳಲ್ಲಿ ಮದುವೆಯ ಶಿಸ್ತಿಗೆ ಸಂಬಂಧಿಸಿದ ಕಟ್ಟುನಿಟ್ಟನ್ನು ಕುರಿತು ಬರೆಯುವಾಗ ಅದರ ಈ ಹಿನ್ನೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಪ್ಪತ್ತನೆಯ ಶತಮಾನದ ವಿದ್ವಾಂಸರು ಮದುವೆಯ ಘಟನೆಗಳನ್ನು ಎಣಿಸುವುದಕ್ಕೆ ಪರ್ಯಾಯವೊಂದನ್ನು ಕಂಡುಕೊಂಡರು. ಜಾನ್ ಹಾಜ್ನಲ್ 1965ರ ತಮ್ಮ ಪ್ರಬಂಧದಲ್ಲಿ ಜನಗಣತಿಯನ್ನು ತೆರೆದು, 45ರಿಂದ 49 ವಯಸ್ಸಿನವರಲ್ಲಿ ಎಂದೂ ಮದುವೆಯಾಗದವರು ಎಷ್ಟು ಎಂದು ಕೇಳಿದರು. ಮದುವೆ ಯಾವ ದೇವಾಲಯದಲ್ಲಿ ಆಯಿತು ಎಂಬ ತೊಡಕು ಇಲ್ಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನಿಂದ ತ್ರಿಯೆಸ್ತೆಗೆ ಎಳೆದ ರೇಖೆಯ ಪಶ್ಚಿಮಕ್ಕೆ ತಡವಾದ ಮದುವೆ ಮತ್ತು ಆಜೀವ ಅವಿವಾಹಿತತನ ಸಾಮಾನ್ಯವಾಗಿದ್ದವು ಎಂಬ ಪ್ರಸಿದ್ಧ ನಿರ್ಣಯ ಹೀಗೆ ಬಂದಿತು. ಆದರೆ ಜನಗಣತಿಗಿಂತ ಹಿಂದಿನ ಕಾಲಕ್ಕೆ ಹೋಗಬೇಕಾದರೆ ಮತ್ತೆ ಪಾದ್ರಿಯ ಪುಸ್ತಕವೇ ಗತಿ. ರಿಗ್ಲಿ ಮತ್ತು ಸ್ಕೋಫೀಲ್ಡ್ 1981ರಲ್ಲಿ 404 ಪ್ಯಾರಿಷ್‌ಗಳ ದಾಖಲೆಗಳಿಂದ ಕಟ್ಟಿದ ಇಂಗ್ಲೆಂಡಿನ ಜನಸಂಖ್ಯಾ ಚರಿತ್ರೆಯು ಅಲ್ಲಿನ ಬೆಳವಣಿಗೆಯ ಮುಖ್ಯ ಕೀಲಿಯು ಮರಣಕ್ಕಿಂತ ಹೆಚ್ಚಾಗಿ ಮದುವೆಯಲ್ಲಿತ್ತು ಎಂದು ತೋರಿಸಿತು.

ನಮ್ಮ ಸಭೆಗಳ ವಿವಾಹ ದಾಖಲೆಯು ಇದೇ ಪರಂಪರೆಯ ಶಾಖೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ನಮೂನೆಯಲ್ಲಿರುವ ಕಲಮುಗಳು, ಅಂದರೆ ವಯಸ್ಸು, ಅವಿವಾಹಿತರೋ ವಿಧುರರೋ ವಿಧವೆಯೋ ಎಂಬ ಸ್ಥಿತಿ, ಉದ್ಯೋಗ, ಮದುವೆಯ ಸಮಯದ ವಾಸಸ್ಥಳ, ತಂದೆಯ ಹೆಸರು, ಇಂಗ್ಲೆಂಡಿನಲ್ಲಿ 1837ರಿಂದ ಬಳಕೆಗೆ ಬಂದ ನಮೂನೆಯನ್ನೇ ಹೋಲುತ್ತವೆ. ಹೀಗೆ ನಮ್ಮ ನಾಡಿನಲ್ಲಿ ಕ್ರೈಸ್ತರ ಮದುವೆಗಳಿಗೆ ತಲೆಮಾರುಗಳಷ್ಟು ಹಳೆಯ ದಾಖಲೆಯಿದೆ. ನೆರೆಹೊರೆಯ ಬಹುಪಾಲು ಸಮುದಾಯಗಳಿಗೆ ಅದು ಇಲ್ಲ. ಆದುದರಿಂದ ಸಭೆಯ ಪುಸ್ತಕವನ್ನು ನೆರೆಯವರ ಯಾವುದೇ ಪುಸ್ತಕದೊಡನೆ ಹೋಲಿಸಲಾಗದು; ವಯಸ್ಸು ಮತ್ತು ವೈವಾಹಿಕ ಸ್ಥಿತಿಯನ್ನು 1881ರಿಂದ ಬರೆಯುತ್ತ ಬಂದ ಜನಗಣತಿಯೊಡನೆ ಮಾತ್ರ ಹೋಲಿಸಬಹುದು.

ಮ್ಯಾಂಚೆಸ್ಟರಿನ ತೊಡಕುಗಳೆಲ್ಲ ಇಲ್ಲಿಯೂ ಇವೆ. ಗಲ್ಫ್ ದೇಶಗಳಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುವ ಯುವಕನು ಊರಿನ ದೇವಾಲಯಕ್ಕೆ ಬಂದು ಮದುವೆಯಾಗಿ ಎರಡು ವಾರಗಳಲ್ಲಿ ಹಿಂದಿರುಗುತ್ತಾನೆ. ಅವನ ಮದುವೆ ಊರಿನ ಪುಸ್ತಕದಲ್ಲಿದೆ, ಅವನು ಊರಿನ ಜನಗಣತಿಯಲ್ಲಿಲ್ಲ. ಬೇರೆ ಧರ್ಮದವರನ್ನು ವಿಶೇಷ ವಿವಾಹ ಕಾಯಿದೆಯ ಮೇರೆಗೆ ರಿಜಿಸ್ಟ್ರಾರರ ಮುಂದೆ ವರಿಸಿದ ಸಭೆಯ ಮಗಳು ಸಭೆಯ ಪುಸ್ತಕದಲ್ಲಿ ಕೊನೆಯವರೆಗೂ ಕನ್ಯೆಯಾಗಿಯೇ ಉಳಿಯುತ್ತಾಳೆ. ವರದಕ್ಷಿಣೆಗೆ ಹಣ ಕೂಡದೆ ಮೂವತ್ತೈದು ದಾಟಿದವಳಿಗೆ, ಲೇಜಾನಿನ ಹುಲ್ಲುಗಾವಲಿನವರಂತೆ, ಯಾವ ಪುಟವೂ ಇಲ್ಲ. ಸಭೆಯ ವಾರ್ಷಿಕ ವರದಿಯಲ್ಲಿ ‘ಈ ವರ್ಷ ಮದುವೆಗಳು ಇಷ್ಟು’ ಎಂದು ಓದುವಾಗ ಈ ಮೂವರೂ ಆ ಸಂಖ್ಯೆಯ ಹೊರಗೋ ಒಳಗೋ ತಪ್ಪು ಸ್ಥಳದಲ್ಲಿ ನಿಂತಿರುತ್ತಾರೆ.

ಇಂಥ ಕೊರತೆಯನ್ನು ಭಾಗಶಃ ತುಂಬಿದ ಒಂದು ಸಾಧನ ಇಂಗ್ಲೆಂಡಿನಲ್ಲಿತ್ತು. 1754ರ ನಂತರ ಅಲ್ಲಿ ಪ್ರಕಟಣೆಗಳನ್ನೂ ಬರೆದಿಡುತ್ತಿದ್ದರು. ವಧೂವರರು ಬೇರೆ ಬೇರೆ ಪ್ಯಾರಿಷ್‌ಗಳವರಾದರೆ ಪ್ರಕಟಣೆ ಎರಡೂ ಕಡೆ ಓದಲ್ಪಡುತ್ತಿತ್ತು, ಮದುವೆ ಒಂದೇ ಕಡೆ ಆಗುತ್ತಿತ್ತು. ಆದುದರಿಂದ ಬೇರೆ ಊರಿಗೆ ಹೋಗಿ ಮದುವೆಯಾದವರ ಸುಳಿವು ಅವರ ಸ್ವಂತ ಊರಿನ ಪ್ರಕಟಣೆಯ ಪುಸ್ತಕದಲ್ಲಿ ಉಳಿದಿದೆ. ನಮ್ಮಲ್ಲಿ ಮೂರು ಭಾನುವಾರ ಓದಿದ ಚೀಟಿಯನ್ನು ಪ್ರಸಂಗವೇದಿಯ ಮೇಲೆಯೇ ಬಿಡದೆ, ಹೆಸರು, ನಿಜವಾದ ವಾಸಸ್ಥಳ, ಮದುವೆ ನಡೆಯಲಿರುವ ದೇವಾಲಯ ಎಂಬ ಮೂರು ಕಲಮುಗಳ ಒಂದು ಪುಸ್ತಕಕ್ಕೆ ಇಳಿಸಿಕೊಳ್ಳಲು ಸಭಾ ಕಾರ್ಯದರ್ಶಿಗೆ ವಾರಕ್ಕೆ ಹತ್ತು ನಿಮಿಷ ಸಾಕು. ಬರೆಯುವಾಗ ‘ಈ ಸಭೆಯವರು’ ಎಂಬ ಮಾತು ಬೇಡ. ಅವರು ಮಲಗಿ ಏಳುವ ಊರಿನ ಹೆಸರು ಬೇಕು.